ಹೊಲದ ಬದುವಿಗೆ ಬಂದ ಶಾಲೆ: ಜಾರ್ಜ್ ವಾಷಿಂಗ್ಟನ್ ಕಾರ್ವರ್ ಮತ್ತು ಕೃಷಿ ಕಾರ್ಮಿಕರ ತರಬೇತಿ



ಕೃಷಿ ತರಬೇತಿ ಎಂದೊಡನೆ ತರಬೇತಿ ಕೇಂದ್ರ, ಉಪನ್ಯಾಸ, ಹಾಜರಾತಿ ಪಟ್ಟಿ, ಪ್ರಮಾಣಪತ್ರ ಇವು ನಿಮ್ಮ ಕಣ್ಣ ಮುಂದೆ ಬರುವುದು ಸಹಜ. ಆದರೆ ಒಂದು ದಿನದ ಕೂಲಿಯನ್ನು ಬಿಟ್ಟು ಕೇಂದ್ರಕ್ಕೆ ಬರಲಾಗದವರಿಗೆ, ಅಕ್ಷರ ಬಾರದವರಿಗೆ, ಉಳುವ ನೆಲವೇ ತಮ್ಮದಲ್ಲದವರಿಗೆ ಕೃಷಿ ಕೌಶಲವನ್ನು ಕಲಿಸುವುದು ಹೇಗೆ? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಶೇಂಗಾ ಬೆಳೆಯಿಂದ ನೂರಾರು ಪದಾರ್ಥಗಳನ್ನು ತಯಾರಿಸಿದ ವಿಜ್ಞಾನಿ ಎಂದು ಅವರ ಹೆಸರನ್ನು ನೀವು ಕೇಳಿರಬಹುದು. ಆದರೆ ತರಬೇತಿ ನೀಡುವವರಿಗೂ ಪಡೆಯುವವರಿಗೂ ಅವರ ಬದುಕಿನಲ್ಲಿ ಅದಕ್ಕಿಂತ ಮುಖ್ಯವಾದ ಸಂಗತಿಗಳಿವೆ. ಅವರ ಯಶಸ್ಸಿನಷ್ಟೇ ಅವರ ಕೆಲಸದ ಮಿತಿಗಳೂ ನಾವು ತಿಳಿಯಬೇಕಾದವು.

ಗುಲಾಮಗಿರಿಯಲ್ಲಿ ಜನನ

ಕಾರ್ವರ್ ಅವರು ಜನಿಸಿದ್ದು 1864ರ ಸುಮಾರಿಗೆ, ಮಿಸ್ಸೌರಿ ರಾಜ್ಯದ ಡೈಮಂಡ್ ಎಂಬ ಊರಿನ ಬಳಿಯ ಒಂದು ತೋಟದ ಮನೆಯಲ್ಲಿ. ಅವರ ತಾಯಿ ಮೇರಿ, ಮೋಸೆಸ್ ಕಾರ್ವರ್ ಎಂಬ ಬಿಳಿಯ ಬೇಸಾಯಗಾರನು ಹಣ ಕೊಟ್ಟು ಕೊಂಡಿದ್ದ ಗುಲಾಮ ಹೆಣ್ಣುಮಗಳು. ಗುಲಾಮರ ಮಕ್ಕಳ ಜನನವನ್ನು ಯಾರೂ ಬರೆದಿಡುತ್ತಿರಲಿಲ್ಲವಾದ್ದರಿಂದ ಅವರ ಜನ್ಮದಿನಾಂಕ ಅವರಿಗೇ ತಿಳಿದಿರಲಿಲ್ಲ. ಅಂತರ್ಯುದ್ಧದ ಆ ದಿನಗಳಲ್ಲಿ ದರೋಡೆಕೋರರು ತಾಯಿ ಮತ್ತು ಹಸುಗೂಸನ್ನು ಹೊತ್ತೊಯ್ದರು. ಮಗು ಮರಳಿ ಸಿಕ್ಕಿತು. ಅದನ್ನು ಹುಡುಕಿ ತಂದವನಿಗೆ ಪ್ರತಿಫಲವಾಗಿ ಒಂದು ಕುದುರೆಯನ್ನು ಕೊಡಲಾಯಿತು. ತಾಯಿ ಮಾತ್ರ ಮರಳಲಿಲ್ಲ.

ಗುಲಾಮಗಿರಿ ರದ್ದಾದ ಬಳಿಕ ಮೋಸೆಸ್ ಮತ್ತು ಅವನ ಪತ್ನಿ ಸೂಸನ್ ಈ ಬಾಲಕನನ್ನೂ ಅವನ ಅಣ್ಣನನ್ನೂ ತಮ್ಮ ಮನೆಯಲ್ಲಿಯೇ ಬೆಳೆಸಿದರು. ದೇಹ ದುರ್ಬಲವಾಗಿದ್ದುದರಿಂದ ಹೊಲದ ಭಾರವಾದ ದುಡಿಮೆ ಬಾಲಕನಿಂದ ಆಗುತ್ತಿರಲಿಲ್ಲ. ಹೀಗಾಗಿ ಅಡುಗೆ, ಹೊಲಿಗೆ, ಬಟ್ಟೆ ಒಗೆಯುವುದು, ಕೈತೋಟದ ಆರೈಕೆ ಇವನ್ನೆಲ್ಲ ಸೂಸನ್ ಅವರಿಂದ ಕಲಿತನು. ಸೊರಗಿದ ಗಿಡಗಳನ್ನು ಚೇತರಿಸುವಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ ಎಂದು ನೆರೆಹೊರೆಯವರು ಗುರುತಿಸಿದ್ದರು. ಮನೆವಾರ್ತೆಯ ಈ ಚಿಕ್ಕಪುಟ್ಟ ಕೌಶಲಗಳೇ ಮುಂದೆ ಅವನ ಓದಿನ ವೆಚ್ಚವನ್ನು ಭರಿಸಿದವು ಎಂಬುದನ್ನು ಗಮನಿಸಿ.

ಹತ್ತಿರದ ಶಾಲೆಯಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಸುಮಾರು ಎಂಟು ಮೈಲಿ ದೂರದ ನಿಯೋಶೋ ಪಟ್ಟಣದಲ್ಲಿ ಅಂಥ ಮಕ್ಕಳಿಗೊಂದು ಶಾಲೆಯಿದೆಯೆಂದು ತಿಳಿದು ಬಾಲಕ ಅಲ್ಲಿಗೆ ಹೊರಟನು. ಅಲ್ಲಿಂದ ಕಾನ್ಸಾಸ್ ರಾಜ್ಯದ ಊರಿಂದೂರಿಗೆ ಹೋಗುತ್ತ, ಬಟ್ಟೆ ಒಗೆದು, ಅಡುಗೆ ಮಾಡಿ, ದೊರೆತಲ್ಲಿ ಓದುತ್ತ ಪ್ರೌಢಶಾಲೆಯನ್ನು ಮುಗಿಸಿದನು. ಹೈಲ್ಯಾಂಡ್ ಎಂಬಲ್ಲಿನ ಕಾಲೇಜು ಪತ್ರದ ಮೂಲಕ ಪ್ರವೇಶ ನೀಡಿ, ಎದುರಿಗೆ ಬಂದು ನಿಂತಾಗ ಮೈಬಣ್ಣವನ್ನು ಕಂಡು ನಿರಾಕರಿಸಿತು. ಆ ಬಳಿಕ ಕಾನ್ಸಾಸ್‌ನ ಬಯಲಿನಲ್ಲಿ ಸರ್ಕಾರಿ ಭೂಮಿಯನ್ನು ಪಡೆದು ಕೆಲಕಾಲ ಒಣ ಬೇಸಾಯವನ್ನೂ ಮಾಡಿದ್ದುಂಟು.

1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜಿನಲ್ಲಿ ಅವರು ಚಿತ್ರಕಲೆಯ ವಿದ್ಯಾರ್ಥಿಯಾದರು. ಅವರು ಬರೆಯುತ್ತಿದ್ದ ಹೂಗಿಡಗಳ ಚಿತ್ರಗಳನ್ನು ಕಂಡ ಶಿಕ್ಷಕಿ ಎಟ್ಟಾ ಬಡ್, ಕೃಷಿ ವಿಜ್ಞಾನವನ್ನು ಓದುವಂತೆ ಸಲಹೆ ನೀಡಿದರು. ಅದರಂತೆ 1891ರಲ್ಲಿ ಅಯೋವಾ ರಾಜ್ಯದ ಕೃಷಿ ಕಾಲೇಜನ್ನು ಸೇರಿದರು. ಆ ಕಾಲೇಜಿನ ಮೊದಲ ಕಪ್ಪು ಜನಾಂಗದ ವಿದ್ಯಾರ್ಥಿ ಅವರೇ. 1894ರಲ್ಲಿ ಪದವಿ ಪಡೆದು, ಅಲ್ಲಿಯೇ ಬೋಧಕರಾಗಿ ಸಸ್ಯಗಳಿಗೆ ರೋಗ ತರುವ ಶಿಲೀಂಧ್ರಗಳನ್ನು ಅಭ್ಯಸಿಸಿ, 1896ರಲ್ಲಿ ಸ್ನಾತಕೋತ್ತರ ಪದವಿಯನ್ನು ಗಳಿಸಿದರು.

ಟಸ್ಕೆಗಿಯ ಸವೆದ ಮಣ್ಣು

ಅದೇ ವರ್ಷ ಬುಕರ್ ಟಿ. ವಾಷಿಂಗ್ಟನ್ ಅವರಿಂದ ಕರೆ ಬಂದಿತು. ಅವರು 1881ರಲ್ಲಿ ಅಲಬಾಮಾದ ಟಸ್ಕೆಗಿಯಲ್ಲಿ ಕಪ್ಪು ಜನಾಂಗದವರಿಗಾಗಿ ಆರಂಭವಾದ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರು. ವಾರ್ಷಿಕ 1,000 ಡಾಲರ್ ಸಂಬಳಕ್ಕೆ ಕೃಷಿ ವಿಭಾಗವನ್ನು ಕಟ್ಟುವ ಹೊಣೆಯನ್ನು ಕಾರ್ವರ್ ಅವರು ಒಪ್ಪಿಕೊಂಡರು. ಪ್ರಯೋಗಾಲಯವೆಂದು ಹೇಳಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ವಿದ್ಯಾರ್ಥಿಗಳೊಡನೆ ಕಸದ ರಾಶಿಗಳನ್ನು ಜಾಲಾಡಿ, ಬಿಸಾಡಿದ ಸೀಸೆ, ಡಬ್ಬಿ, ತಂತಿಗಳನ್ನು ಆಯ್ದು ತಂದು ಉಪಕರಣಗಳನ್ನು ಮಾಡಿಕೊಂಡರು. 1897ರಲ್ಲಿ ಅಲಬಾಮಾ ಶಾಸನಸಭೆಯು ಟಸ್ಕೆಗಿಯಲ್ಲಿ ಪ್ರಯೋಗ ಕೇಂದ್ರವೊಂದನ್ನು ಮಂಜೂರು ಮಾಡಿ ವರ್ಷಕ್ಕೆ 1,500 ಡಾಲರ್ ಅನುದಾನವನ್ನು ಗೊತ್ತುಪಡಿಸಿತು. ಬಿಳಿಯರ ಕಾಲೇಜಿನ ಪ್ರಯೋಗ ಕೇಂದ್ರಕ್ಕೆ ದೊರೆಯುತ್ತಿದ್ದ ಹಣದ ಮುಂದೆ ಇದು ಅತ್ಯಲ್ಪ.

ಸುತ್ತಲಿನ ಮೇಕನ್ ಜಿಲ್ಲೆಯ ಸ್ಥಿತಿಯನ್ನು ನೀವು ಊಹಿಸಿಕೊಳ್ಳಬೇಕು. ದಶಕಗಳ ಕಾಲ ಹತ್ತಿಯನ್ನೇ ಬೆಳೆದು ನೆಲ ಸತ್ವಗುಂದಿತ್ತು. ಇಳಿಜಾರಿನಲ್ಲಿ ಮಳೆನೀರು ಮೇಲ್ಮಣ್ಣನ್ನು ಕೊಚ್ಚಿ ಕೊರಕಲುಗಳನ್ನು ಮಾಡಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರಲ್ಲಿ ಹೆಚ್ಚಿನವರಿಗೆ ಭೂಮಿ ಸಿಕ್ಕಿರಲಿಲ್ಲ. ಅವರು ಜಮೀನುದಾರರ ನೆಲವನ್ನು ಪಾಲಿಗೆ ಉಳುತ್ತಿದ್ದರು. ಬೀಜ, ಹೇಸರಗತ್ತೆ, ನೇಗಿಲು, ವರ್ಷದ ದಿನಸಿ ಎಲ್ಲವೂ ಸಾಲದ ರೂಪದಲ್ಲಿ ಬರುತ್ತಿದ್ದವು. ಬೆಳೆ ಬಂದಾಗ ಜಮೀನುದಾರನ ಪಾಲು, ಅಂಗಡಿಯ ಬಾಕಿ, ಬಡ್ಡಿ ಎಲ್ಲವನ್ನೂ ಕಳೆದು ಉಳಿಯುತ್ತಿದ್ದುದು ಕೆಲವೊಮ್ಮೆ ಮುಂದಿನ ವರ್ಷದ ಸಾಲ ಮಾತ್ರ. ಸುಲಭವಾಗಿ ಮಾರಾಟವಾಗುವ ಹತ್ತಿಯನ್ನೇ ಬೆಳೆಯಬೇಕೆಂಬ ಒತ್ತಾಯದಿಂದ ಮನೆಯ ಬಾಗಿಲವರೆಗೂ ಹತ್ತಿಯೇ ತುಂಬಿರುತ್ತಿತ್ತು. ಊಟವೆಂದರೆ ಮುಸುಕಿನ ಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ಕೊಬ್ಬು ಮತ್ತು ಕಾಕಂಬಿ. ಹಾಲು, ಸೊಪ್ಪು, ಬೇಳೆಕಾಳುಗಳಿಲ್ಲದ ಇಂಥ ಆಹಾರದಿಂದ ಪೆಲ್ಲಾಗ್ರ ಎಂಬ ಪೋಷಕಾಂಶ ಕೊರತೆಯ ಕಾಯಿಲೆ ಆ ಪ್ರದೇಶವನ್ನು ಕಾಡುತ್ತಿತ್ತು.

ಹಣವಿಲ್ಲದವರಿಗೆ ಹೊಂದುವ ಕೌಶಲ

ಅಂದಿನ ಕೃಷಿ ವಿಜ್ಞಾನವು ಹೆಚ್ಚಾಗಿ ಸೂಚಿಸುತ್ತಿದ್ದುದು ಕೊಂಡು ತರಬೇಕಾದ ರಸಗೊಬ್ಬರ ಮತ್ತು ಸುಧಾರಿತ ಉಪಕರಣಗಳನ್ನು. ಅವುಗಳಿಂದ ಪ್ರಯೋಜನವಿದೆಯೆಂಬುದು ಕಾರ್ವರ್ ಅವರಿಗೂ ತಿಳಿದಿತ್ತು. ಆದರೆ ಒಂದು ಹೇಸರಗತ್ತೆ, ಒಂದು ನೇಗಿಲು ಮಾತ್ರ ಉಳ್ಳವನಿಗೆ ಆ ಸಲಹೆಯಿಂದ ಏನೂ ಆಗುವುದಿಲ್ಲವೆಂದು ಕಂಡುಕೊಂಡು, ತಮ್ಮ ಪ್ರಯೋಗಗಳ ದಿಕ್ಕನ್ನೇ ಬದಲಿಸಿದರು. ಕಾಡಿನ ತರಗೆಲೆ, ಜೌಗು ನೆಲದ ಕಪ್ಪು ಮಣ್ಣು, ಕೊಟ್ಟಿಗೆಯ ಕಸ ಇವುಗಳಿಂದ ಗೊಬ್ಬರ ತಯಾರಿಸಿ ತಾಕುಗಳಿಗೆ ಹಾಕಿದರು. ನಮ್ಮಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುವ ಪದ್ಧತಿಯನ್ನು ಬಲ್ಲ ನಿಮಗೆ ಇದರ ಮರ್ಮ ತಿಳಿಯದೆ ಇರದು. ಆಳವಾದ ಉಳುಮೆ, ಇಳಿಜಾರಿಗೆ ಅಡ್ಡಲಾಗಿ ಬದುಗಳ ನಿರ್ಮಾಣ, ಹತ್ತಿಯೊಂದಿಗೆ ಅಲಸಂದೆಯ ಬೆಳೆ ಪರಿವರ್ತನೆ ಇವು ಅವರ ಪಾಠದ ಮುಖ್ಯ ಅಂಗಗಳಾದವು.

ಅಲಸಂದೆ ಮತ್ತು ಶೇಂಗಾ ಬೆಳೆಗಳ ಬೇರುಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆ. ಕೊಯ್ಲಿನ ನಂತರ ಬೇರು, ಎಲೆ, ಬಳ್ಳಿಗಳು ಮಣ್ಣಿಗೆ ಸೇರಿದರೆ ಮುಂದಿನ ಬೆಳೆಗೂ ಅದರ ಲಾಭ ದೊರೆಯುತ್ತದೆ. ಶೇಂಗಾವನ್ನು ಬೇರುಸಮೇತ ಕಿತ್ತು ಹೊಟ್ಟನ್ನೂ ಹೊರಗೆ ಸಾಗಿಸಿಬಿಟ್ಟರೆ ಈ ಲಾಭ ಬಹಳ ಮಟ್ಟಿಗೆ ಕೈತಪ್ಪುತ್ತದೆ. ಹೊಟ್ಟನ್ನು ದನಗಳಿಗೆ ತಿನ್ನಿಸಿ ಅದರ ಗೊಬ್ಬರವನ್ನು ಅದೇ ಹೊಲಕ್ಕೆ ಹಿಂದಿರುಗಿಸುವುದು ಈಗಲೂ ಸೂಕ್ತವಾದ ಕ್ರಮ.

ಪ್ರಯೋಗದ ಫಲಿತಾಂಶಗಳನ್ನು ಕಾರ್ವರ್ ಅವರು ಕಿರುಹೊತ್ತಗೆಗಳಾಗಿ ಹೊರತಂದರು. ಮೊದಲನೆಯದು 1898ರಲ್ಲಿ ಪ್ರಕಟವಾಯಿತು. ಕಾಡಿನಲ್ಲಿ ಉಚಿತವಾಗಿ ದೊರೆಯುವ ಓಕ್ ಮರದ ಕಾಯಿಗಳನ್ನು ಜಾನುವಾರುಗಳಿಗೆ ಮೇವಾಗಿ ಬಳಸುವುದು ಅದರ ವಿಷಯ. ಅವರ ಜೀವಿತಾವಧಿಯಲ್ಲಿ ಇಂಥ 40ಕ್ಕೂ ಹೆಚ್ಚು ಹೊತ್ತಗೆಗಳು ಹೊರಬಂದವು. ಸವೆದ ಮಣ್ಣಿನ ಸುಧಾರಣೆ, ಅಲಸಂದೆ, ಗೆಣಸು, ಟೊಮ್ಯಾಟೊ, ಬೇಸಿಗೆಯಲ್ಲಿ ಮಾಂಸವನ್ನು ಕೆಡದಂತೆ ಕಾಪಾಡುವುದು, ಗ್ರಾಮೀಣ ಶಾಲೆಯ ಕೈತೋಟ ಹೀಗೆ ಅವುಗಳ ವ್ಯಾಪ್ತಿ. ಭಾಷೆ ಸರಳ. ಬೇಸಾಯ ಕ್ರಮದ ಜೊತೆಯಲ್ಲಿಯೇ ಅಡುಗೆಯ ವಿಧಾನವೂ ಇರುತ್ತಿತ್ತು, ಏಕೆಂದರೆ ಬೆಳೆದುದನ್ನು ಮನೆಯಲ್ಲಿ ಬಳಸಲು ತಿಳಿಯದಿದ್ದರೆ ಆ ಬೆಳೆ ಹೊಲದಲ್ಲಿ ನಿಲ್ಲುವುದಿಲ್ಲ. ಅಲಬಾಮಾದ ಬಣ್ಣಬಣ್ಣದ ಜೇಡಿಮಣ್ಣಿನಿಂದ ಗೋಡೆಗೆ ಬಳಿಯುವ ಬಣ್ಣವನ್ನು ತಯಾರಿಸಿ, ಕಾಸಿನ ಖರ್ಚಿಲ್ಲದೆ ಗುಡಿಸಲನ್ನು ಅಂದಗೊಳಿಸುವುದನ್ನೂ ಅವರು ಕಲಿಸಿದರು.

ಈ ಕೌಶಲಗಳಲ್ಲಿರುವ ಸಮಾನ ಗುಣವನ್ನು ಗಮನಿಸಿ. ಇವುಗಳಲ್ಲಿ ಬಹುಪಾಲಿಗೆ ಹಣ ಬೇಡ. ಕೈತೋಟ, ಗೊಬ್ಬರ ತಯಾರಿಕೆ, ಆಹಾರ ಸಂರಕ್ಷಣೆ ಇಂಥವುಗಳಿಗೆ ಹೊಲದ ಬೆಳೆಯನ್ನು ಬದಲಿಸಬೇಕಾಗಿಯೂ ಇಲ್ಲ. ನೆಲದ ಮೇಲೆ ಹಕ್ಕಿಲ್ಲದವನೂ ನಾಳೆ ಬೆಳಗ್ಗೆಯೇ ತನ್ನ ಮನೆಯ ಹಿತ್ತಿಲಿನಲ್ಲಿ ಆರಂಭಿಸಬಹುದಾದವು ಅವು.

ಗಾಡಿಯ ಮೇಲಿನ ಶಾಲೆ

ಟಸ್ಕೆಗಿಯಲ್ಲಿ ವರ್ಷಕ್ಕೊಮ್ಮೆ ರೈತ ಸಮ್ಮೇಳನ ನಡೆಯುತ್ತಿತ್ತು. 1897ರಿಂದ ತಿಂಗಳಿಗೊಮ್ಮೆ ರೈತರ ಸಭೆಯೂ, 1904ರಿಂದ ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ರೈತರಿಗೆ ಅಲ್ಪಾವಧಿ ತರಬೇತಿಯೂ ಆರಂಭವಾದವು. ಆದರೆ ಬರುತ್ತಿದ್ದವರು ಸಾಮಾನ್ಯವಾಗಿ ಬರಲು ಅನುಕೂಲವಿದ್ದವರೇ. ತರಬೇತಿಯ ಅಗತ್ಯ ಯಾರಿಗೆ ಹೆಚ್ಚಾಗಿತ್ತೋ ಅವರು ದೂರದ ಹೊಲಗಳಲ್ಲಿಯೇ ಉಳಿದಿದ್ದರು. ಆದ್ದರಿಂದ ಬಂಡಿಯೊಂದನ್ನು ಸಜ್ಜುಗೊಳಿಸಿ ಶಾಲೆಯನ್ನೇ ಹಳ್ಳಿಗೆ ಒಯ್ಯುವ ಆಲೋಚನೆಯನ್ನು ವಾಷಿಂಗ್ಟನ್ ಅವರು ಮುಂದಿಟ್ಟರು. ಗಾಡಿಯಲ್ಲಿ ಏನೇನಿರಬೇಕು, ಹೇಗೆ ಜೋಡಿಸಬೇಕು ಎಂಬ ನಕ್ಷೆಯನ್ನು ಕಾರ್ವರ್ ಅವರು ಸಿದ್ಧಪಡಿಸಿದರು. ನ್ಯೂಯಾರ್ಕಿನ ಬ್ಯಾಂಕರ್ ಮೋರಿಸ್ ಜೆಸಪ್ ಧನಸಹಾಯ ನೀಡಿದರು. ಜೆಸಪ್ ಕೃಷಿ ಗಾಡಿ ಎಂಬ ಹೆಸರಿನಿಂದ ಅದು 1906ರ ಮೇ ತಿಂಗಳಲ್ಲಿ ಹಳ್ಳಿಗಳತ್ತ ಹೊರಟಿತು.

ಗಾಡಿಯಲ್ಲಿ ಸುಧಾರಿತ ನೇಗಿಲು, ಎಡೆ ಹೊಡೆಯುವ ಸಲಕರಣೆ, ಬೆಣ್ಣೆ ಕಡೆಯುವ ಸಾಧನ, ಹಾಲಿನಿಂದ ಕೆನೆ ತೆಗೆಯುವ ಯಂತ್ರ, ಬೀಜ ಮತ್ತು ಗೊಬ್ಬರದ ಮಾದರಿಗಳು, ಮಣ್ಣಿನ ಬಗೆಗಿನ ಚಿತ್ರಪಟಗಳು ಇದ್ದವು. ಅದು ಹಳ್ಳಿಗೆ ಬಂದಾಗ ಯಾರಾದರೂ ಒಬ್ಬರ ಹೊಲದಲ್ಲಿ ಅಥವಾ ಮನೆಯಂಗಳದಲ್ಲಿ ನಿಲ್ಲುತ್ತಿತ್ತು. ನೆರೆಯವರು ಸೇರುತ್ತಿದ್ದರು. ಭಾಷಣ ಕಡಿಮೆ, ಕೆಲಸ ಹೆಚ್ಚು. ನೇಗಿಲನ್ನು ಹೂಡಿ ತೋರಿಸಿದ ಬಳಿಕ ಅದು ರೈತನ ಕೈಗೇ ಹೋಗುತ್ತಿತ್ತು. ಮೊದಲ ಬೇಸಿಗೆಯಲ್ಲಿಯೇ ಈ ಗಾಡಿ ತಿಂಗಳಿಗೆ 2,000ಕ್ಕೂ ಹೆಚ್ಚು ಜನರನ್ನು ತಲುಪಿತು.

ಆಗ ಅಮೆರಿಕದ ಕೃಷಿ ಇಲಾಖೆಯ ಪರವಾಗಿ ಸೀಮನ್ ನ್ಯಾಪ್ ಎಂಬವರು ದಕ್ಷಿಣದ ರಾಜ್ಯಗಳಲ್ಲಿ ರೈತರ ಹೊಲದಲ್ಲಿಯೇ ಪ್ರಾತ್ಯಕ್ಷಿಕೆ ನಡೆಸುವ ಪದ್ಧತಿಯನ್ನು ಹರಡುತ್ತಿದ್ದರು. ಟಸ್ಕೆಗಿಯ ಗಾಡಿಯ ಕೆಲಸ ಅವರಿಗೂ ಹಿಡಿಸಿತು. 1906ರ ನವೆಂಬರ್‌ನಲ್ಲಿ ಟಸ್ಕೆಗಿಯ ವಿದ್ಯಾರ್ಥಿಯಾಗಿದ್ದ ಥಾಮಸ್ ಮನ್ರೋ ಕ್ಯಾಂಬೆಲ್ ಅವರು ಇಲಾಖೆಯ ಪ್ರಾತ್ಯಕ್ಷಿಕಾ ಕಾರ್ಯಕರ್ತರಾಗಿ ನೇಮಕಗೊಂಡು ಈ ಗಾಡಿಯ ಹೊಣೆ ಹೊತ್ತರು. ಆ ಹುದ್ದೆಗೆ ಬಂದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಅವರು. ಕಾಲಕ್ರಮದಲ್ಲಿ ಬಂಡಿಯ ಬದಲಿಗೆ ಮೋಟಾರು ಲಾರಿ ಬಂದಿತು. ಕೃಷಿ ಕಾರ್ಯಕರ್ತರ ಜೊತೆಗೆ ಗೃಹವಿಜ್ಞಾನ ಕಾರ್ಯಕರ್ತೆಯೂ ದಾದಿಯೂ ಸೇರಿಕೊಂಡರು. 1923ರಲ್ಲಿ ಹೊಸ ಲಾರಿ ಬೇಕಾದಾಗ ಅದಕ್ಕೆ ಹಣ ಕೂಡಿಸಿದವರಲ್ಲಿ ಅಲಬಾಮಾದ ಸಾವಿರಾರು ಕಪ್ಪು ಜನಾಂಗದ ರೈತರಿದ್ದರು. ತರಬೇತಿಯೊಂದು ಜನರಿಗೆ ನಿಜವಾಗಿ ಬೇಕಾಗಿತ್ತೆಂಬುದಕ್ಕೆ ಬಡವರ ಈ ದೇಣಿಗೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶೇಂಗಾ, ಕೀರ್ತಿ ಮತ್ತು ಉತ್ಪ್ರೇಕ್ಷೆ

ಮೆಕ್ಸಿಕೊ ಕಡೆಯಿಂದ ಬಂದ ಹತ್ತಿಕಾಯಿಯ ಮೂತಿಹುಳು 1910ರ ಹೊತ್ತಿಗೆ ಅಲಬಾಮಾವನ್ನು ಪ್ರವೇಶಿಸಿತು. ಹತ್ತಿಯೊಂದನ್ನೇ ನಂಬಿದವರು ನೆಲಕಚ್ಚಿದರು. ಅಲ್ಲಿಯವರೆಗೆ ಕಿವಿಗೊಡದವರೂ ಪರ್ಯಾಯ ಬೆಳೆಗಳತ್ತ ನೋಡತೊಡಗಿದರು. 1916ರಲ್ಲಿ ಕಾರ್ವರ್ ಅವರು ಶೇಂಗಾ ಬೆಳೆಯುವ ಕ್ರಮವನ್ನೂ ಅದನ್ನು ಆಹಾರವಾಗಿ ಬಳಸುವ 105 ವಿಧಾನಗಳನ್ನೂ ಒಂದು ಹೊತ್ತಗೆಯಲ್ಲಿ ಪ್ರಕಟಿಸಿದರು. 1921ರಲ್ಲಿ ಆಮದು ಸುಂಕದ ವಿಚಾರಣೆಯ ಸಂದರ್ಭದಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಶೇಂಗಾ ಬೆಳೆಗಾರರ ಪರವಾಗಿ ಮಾತನಾಡಲು ಅವರಿಗೆ ಹತ್ತು ನಿಮಿಷಗಳ ಅವಕಾಶ ದೊರೆಯಿತು. ಅವರು ತೋರಿಸಿದ ಪದಾರ್ಥಗಳಲ್ಲಿ ಆಸಕ್ತರಾದ ಸದಸ್ಯರು ಸಮಯವನ್ನು ಮತ್ತೆ ಮತ್ತೆ ವಿಸ್ತರಿಸಿದರು. ಅಂದಿನಿಂದ ಅವರ ಹೆಸರು ದೇಶದಾದ್ಯಂತ ಹರಡಿತು.

ಕೀರ್ತಿಯ ಜೊತೆಗೆ ಉತ್ಪ್ರೇಕ್ಷೆಯೂ ಬೆಳೆಯಿತು. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರು ಕಾರ್ವರ್ ಎಂಬ ಮಾತು ಸರಿಯಲ್ಲ. ಅದು ಅವರಿಗಿಂತ ಮೊದಲೇ ಬಳಕೆಯಲ್ಲಿತ್ತು. ಅವರು ಪಟ್ಟಿ ಮಾಡಿದ ನೂರಾರು ಪದಾರ್ಥಗಳಲ್ಲಿ ಬಹುತೇಕ ಯಾವುವೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಪಡೆದ ಪೇಟೆಂಟುಗಳು ಮೂರು ಮಾತ್ರ. ಆಡಳಿತದಲ್ಲಿಯೂ ಅವರು ಪಳಗಿದವರಾಗಿರಲಿಲ್ಲ. ಸಂಸ್ಥೆಯ ಕೋಳಿಸಾಕಣೆಯ ಲೆಕ್ಕಪತ್ರ, ವಿಭಾಗದ ನಿರ್ವಹಣೆ ಇವುಗಳ ಬಗ್ಗೆ ವಾಷಿಂಗ್ಟನ್ ಅವರೊಡನೆಯೂ ಸಹೋದ್ಯೋಗಿಗಳೊಡನೆಯೂ ವರ್ಷಗಟ್ಟಲೆ ತಿಕ್ಕಾಟ ನಡೆಯಿತು. ಕೊನೆಗೆ ಕೃಷಿ ವಿಭಾಗದ ಆಡಳಿತವು ಬೇರೆಯವರ ಕೈಗೆ ಹೋಗಿ, ಸಂಶೋಧನೆಯ ಕೆಲಸ ಅವರಲ್ಲಿ ಉಳಿಯಿತು. ಒಳ್ಳೆಯ ತರಬೇತುದಾರರೆಲ್ಲರೂ ಒಳ್ಳೆಯ ಆಡಳಿತಗಾರರೂ ಆಗಿರಬೇಕೆಂದು ನಿರೀಕ್ಷಿಸುವುದು ಇಬ್ಬರಿಗೂ ನಷ್ಟವೆಂಬುದನ್ನು ಸಂಸ್ಥೆಗಳನ್ನು ನಡೆಸುವವರು ಇಲ್ಲಿ ಕಾಣಬಹುದು.

ತರಬೇತಿಯಿಂದ ಆಗದೆ ಉಳಿದುದು

ಇಲ್ಲಿ ನಾವು ಒಂದು ಕಠಿಣವಾದ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಇಷ್ಟೆಲ್ಲ ತರಬೇತಿಯಿಂದ ಆ ದುಡಿಯುವ ಜನರ ಸ್ಥಿತಿ ಬದಲಾಯಿತೆ? ಅನೇಕರ ಊಟದ ತಟ್ಟೆಗೆ ಸೊಪ್ಪು, ಕಾಳು, ಗೆಣಸು ಬಂದವು. ಕೆಲವರು ಸಾಲದಿಂದ ಹೊರಬಂದು ಸ್ವಂತ ಭೂಮಿಯನ್ನೂ ಕೊಂಡರು. ಆದರೆ ಪಾಲಿಗೆ ಉಳುವ ವ್ಯವಸ್ಥೆ ಹಾಗೆಯೇ ಉಳಿಯಿತು. ಏನು ಬೆಳೆಯಬೇಕೆಂದು ಜಮೀನುದಾರನೇ ತೀರ್ಮಾನಿಸುವಾಗ ಬೆಳೆ ಪರಿವರ್ತನೆಯ ಪಾಠ ಕಲಿತವನೂ ಹತ್ತಿಯನ್ನೇ ಬಿತ್ತಬೇಕಾಗುತ್ತಿತ್ತು. ಈ ವರ್ಷ ಸುಧಾರಿಸಿದ ಮಣ್ಣು ಮುಂದಿನ ವರ್ಷ ಬೇರೊಬ್ಬನ ಪಾಲಾಗುವ ಭಯವಿರುವಾಗ ಗೊಬ್ಬರ ಹೊರಲು ಯಾರಿಗೆ ಮನಸ್ಸು ಬಂದೀತು? 1914ರಲ್ಲಿ ಸ್ಮಿತ್-ಲಿವರ್ ಕಾಯಿದೆಯ ಮೂಲಕ ಅಮೆರಿಕದಲ್ಲಿ ಕೃಷಿ ವಿಸ್ತರಣಾ ವ್ಯವಸ್ಥೆ ರಾಷ್ಟ್ರವ್ಯಾಪಿಯಾಯಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಅದರ ಹಣದ ಹಿಡಿತವೂ ಬಿಳಿಯರ ಕಾಲೇಜುಗಳ ಕೈಯಲ್ಲಿಯೇ ಇದ್ದಿತು. ಲಕ್ಷಾಂತರ ಕಪ್ಪು ಜನಾಂಗದವರು ದಕ್ಷಿಣದ ಹೊಲಗಳನ್ನು ತೊರೆದು ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಹೋದರು.

ಕಾರ್ವರ್ ಅವರು ಈ ವ್ಯವಸ್ಥೆಯ ವಿರುದ್ಧ ಬಹಿರಂಗವಾಗಿ ಹೋರಾಡಿದವರಲ್ಲ. ಅಂದಿನ ಅಲಬಾಮಾದಲ್ಲಿ ಹಾಗೆ ಮಾಡುವುದು ಪ್ರಾಣಾಪಾಯವನ್ನು ತಂದುಕೊಳ್ಳುವಂಥದ್ದಾಗಿತ್ತು ಎಂಬುದೂ ನಿಜ. ವ್ಯವಸ್ಥೆಯೊಳಗೆ ಎಷ್ಟು ಜಾಗವಿದೆಯೋ ಅಷ್ಟನ್ನು ಅವರು ಪೂರ್ತಿಯಾಗಿ ಬಳಸಿಕೊಂಡರು. ಕೌಶಲವು ಕಾರ್ಮಿಕನಿಗೆ ಬಲವನ್ನು ಕೊಡುತ್ತದೆ. ಆದರೆ ಭೂಮಿಯ ಭದ್ರತೆ, ನ್ಯಾಯವಾದ ಕೂಲಿ, ಬಡ್ಡಿಯ ಹೊರೆಯಿಲ್ಲದ ಸಾಲ ಇವುಗಳ ಸ್ಥಾನವನ್ನು ಅದು ತುಂಬಲಾರದು. ಕಲಿಸಿದ ವಿಷಯವನ್ನು ರೈತರು ಅಳವಡಿಸಿಕೊಳ್ಳದಿದ್ದಾಗ ಅವರಲ್ಲಿ ಆಸಕ್ತಿಯಿಲ್ಲವೆಂದು ವರದಿ ಬರೆಯುವ ಮುನ್ನ ಈ ಮಾತನ್ನು ನೆನೆಯುವುದು ಒಳಿತು.

ಕೊನೆಯ ದಿನಗಳು

ಕಾರ್ವರ್ ಅವರು ವಿವಾಹವಾಗಲಿಲ್ಲ. ಹಳೆಯ ಕೋಟು ತೊಟ್ಟು, ಅದರ ಗುಂಡಿಯ ತೂತಿಗೆ ಒಂದು ಹೂವನ್ನು ಸಿಕ್ಕಿಸಿಕೊಂಡು ಬೆಳಗಿನ ಜಾವವೇ ಗಿಡಗಳನ್ನು ಅರಸಿ ಹೊರಡುತ್ತಿದ್ದರು. 47 ವರ್ಷಗಳ ಕಾಲ ಟಸ್ಕೆಗಿಯಲ್ಲಿಯೇ ಉಳಿದರು. ದುಡಿದು ಉಳಿಸಿದ 60,000 ಡಾಲರುಗಳಷ್ಟು ಹಣವನ್ನು ಸಂಶೋಧನೆ ಮುಂದುವರಿಯಲೆಂದು ತಮ್ಮ ಹೆಸರಿನ ಪ್ರತಿಷ್ಠಾನಕ್ಕೆ ಅರ್ಪಿಸಿದರು. 1943ರ ಜನವರಿ 5ರಂದು ನಿಧನರಾದ ಅವರ ಸಮಾಧಿ, ಅವರನ್ನು ಅಲ್ಲಿಗೆ ಕರೆತಂದ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲಿಯೇ ಇದೆ. ಅದೇ ವರ್ಷ ಅವರ ಜನ್ಮಸ್ಥಳವನ್ನು ಅಮೆರಿಕದ ಸಂಸತ್ತು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.

ತರಬೇತಿ ಆಯೋಜಿಸುವವರು ಗಮನಿಸಬೇಕಾದ ಅಂಶಗಳು

• ತರಬೇತಿಯ ವಿಷಯವನ್ನು ಆರಿಸುವ ಮುನ್ನ ಕಲಿಯುವವರು ಭೂಮಾಲೀಕರೋ, ಗೇಣಿಗೆ ಮಾಡುವವರೋ, ದಿನಗೂಲಿಯವರೋ ಎಂಬುದನ್ನು ಕೇಳಿ ತಿಳಿಯಿರಿ. ಒಬ್ಬರಿಗೆ ಹೊಂದುವ ಕೌಶಲ ಇನ್ನೊಬ್ಬರಿಗೆ ಹೊಂದದು.

• ಕೊಂಡು ತರಬೇಕಾದ ಪರಿಕರಗಳ ಜೊತೆಗೆ, ಹೊಲದ ಸುತ್ತಮುತ್ತ ದೊರೆಯುವ ವಸ್ತುಗಳಿಂದಲೇ ಆಗುವ ಒಂದು ಕ್ರಮವನ್ನಾದರೂ ಕಲಿಸಿ.

• ಕೂಲಿ ಕೆಲಸವಿರುವ ದಿನಗಳನ್ನು ತಪ್ಪಿಸಿ, ಬಿಡುವಿನ ಕಾಲದಲ್ಲಿ, ಸಾಧ್ಯವಾದಷ್ಟು ಅವರ ಊರಿನಲ್ಲಿಯೇ ತರಬೇತಿಯನ್ನು ಏರ್ಪಡಿಸಿ. ಕೇಂದ್ರಕ್ಕೆ ಬಂದವರ ಸಂಖ್ಯೆಯ ಜೊತೆಗೆ, ಬರಲಾಗದೆ ಉಳಿದವರು ಯಾರೆಂಬುದನ್ನೂ ಗುರುತಿಸಿಕೊಳ್ಳಿ.

• ತೋರಿಸಿದ ಬಳಿಕ ಉಪಕರಣವನ್ನು ಕಲಿಯುವವರ ಕೈಗೇ ಕೊಡಿ. ಸಿಂಪಡಣೆ, ಕಸಿ ಕಟ್ಟುವುದು, ಯಂತ್ರ ನಡೆಸುವುದು ಯಾವುದೇ ಆಗಲಿ, ಪ್ರತಿಯೊಬ್ಬರೂ ಒಮ್ಮೆಯಾದರೂ ಮಾಡಿದ ಮೇಲೆಯೇ ಪಾಠ ಮುಗಿಯಲಿ.

• ಬೆಳೆಯುವುದರ ಜೊತೆಗೆ ಸಂರಕ್ಷಣೆ, ಅಡುಗೆ, ಪೌಷ್ಟಿಕತೆಯ ವಿಷಯಗಳನ್ನೂ ಸೇರಿಸಿ, ಮನೆಯ ಹೆಣ್ಣುಮಕ್ಕಳನ್ನೂ ಕರೆಯಿರಿ.

• ಮುಂದಿನ ಹಂಗಾಮಿನಲ್ಲಿ ಅದೇ ಊರಿಗೆ ಮತ್ತೊಮ್ಮೆ ಹೋಗಿ, ಯಾವುದು ಬಳಕೆಗೆ ಬಂದಿತು, ಯಾವುದು ಬರಲಿಲ್ಲ, ಏಕೆ ಎಂದು ವಿಚಾರಿಸಿ. ಅಡ್ಡಿಯಾಗಿರುವುದು ಕೌಶಲದ ಕೊರತೆಯಲ್ಲದೆ ಸಾಲವೋ ಗೇಣಿಯೋ ಆಗಿದ್ದರೆ, ಅದನ್ನು ನಿಮ್ಮ ವರದಿಯಲ್ಲಿ ಸ್ಪಷ್ಟವಾಗಿ ದಾಖಲಿಸಿ.

ರೈತ ಬಾಂಧವರೇ, ನಿಮ್ಮ ಊರಿಗೆ ತರಬೇತಿ ತಂಡ ಬಂದಾಗ ನಿಮ್ಮ ಹೊಲದಲ್ಲಿ ದುಡಿಯುವ ಕೂಲಿಯವರನ್ನೂ ಅಂದಿನ ಕೂಲಿಯನ್ನು ಮುರಿಯದೆ ಜೊತೆಗೆ ಕರೆತನ್ನಿ. ಬಿತ್ತನೆ, ಕಳೆ, ಸಿಂಪಡಣೆ, ಕೊಯ್ಲು ನಡೆಯುವುದು ಹೆಚ್ಚಾಗಿ ಅವರ ಕೈಯಿಂದಲೇ. ಅವರು ಕಲಿತುದು ನಿಮ್ಮ ಬೆಳೆಯಲ್ಲಿ ಕಾಣುತ್ತದೆ.